ಮೊದಲು ಮೋಡ ಎಣಿಸಿ: ಇಸ್ರೊ ಅಧ್ಯಕ್ಷರಿಗೆ ಚಳ್ಳಕೆರೆಯಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ,
ಅಂತರಿಕ್ಷ ಭವನ, ನ್ಯೂ ಬಿಇಎಲ್ ರಸ್ತೆ,
ಬೆಂಗಳೂರು.

ಮಾನ್ಯರೇ,

ದೂರದ ನೌಕೆಗಳು ಲೇಸರ್ ಬೆಳಕಿನಲ್ಲಿ ಕಳಿಸುವುದನ್ನು ಹಿಡಿಯುವ ಕೇಂದ್ರ ನೆಲದ ಮೇಲೆ ಎಲ್ಲಿರಬೇಕೆಂದು ತಿಳಿಯಲು ಈಗಿನಿಂದಲೇ ಮೋಡ ಎಣಿಸಿ ಎಂದು ಕೇಳಲು ಈ ಪತ್ರ. ನಾನು ವಿಜ್ಞಾನಿಯಲ್ಲ, ಮೇಷ್ಟ್ರೂ ಅಲ್ಲ. ದೂರಸಂಪರ್ಕ ಇಲಾಖೆಯಲ್ಲಿ ಕೇಬಲ್ ಕೆಲಸ ಮಾಡಿ ನಿವೃತ್ತನಾದವನು. ಸರ್ವಿಸಿನ ಮೊದಲರ್ಧ ತಾಮ್ರದ ತಂತಿಯ ಜೊತೆ ಕಳೆಯಿತು, ಉಳಿದರ್ಧ ಗಾಜಿನ ಎಳೆಯ ಜೊತೆ. ಹಿರಿಯೂರಿಂದ ಬಳ್ಳಾರಿ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ ಎಲ್ಲೆಲ್ಲಿ ಜಾಯಿಂಟ್ ಇದೆ ಎಂದು ಈಗಲೂ ಬೆರಳಿಟ್ಟು ತೋರಿಸಬಲ್ಲೆ.

ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತಿತ್ತು, ‘ಲೈನ್ ಹೋಗಿದೆ’ ಅಂತ. ಎಕ್ಸ್‌ಚೇಂಜಿಗೆ ಓಡಿ ಓಟಿಡಿಆರ್ ಪೆಟ್ಟಿಗೆ ಹಚ್ಚುತ್ತಿದ್ದೆವು. ಅದು ಎಳೆಯೊಳಗೆ ಲೇಸರಿನ ಒಂದು ಮಿಡಿತ ಬಿಡುತ್ತದೆ. ಎಳೆ ತುಂಡಾದ ಕಡೆಯಿಂದ ಒಂದಿಷ್ಟು ಬೆಳಕು ವಾಪಸ್ ಬರುತ್ತದೆ. ಹೋಗಿ ಬರಲು ಹಿಡಿದ ಸಮಯ ನೋಡಿ, ಇಷ್ಟು ಕಿಲೋಮೀಟರಿನ ಮೇಲೆ ಇಷ್ಟು ಮೀಟರಿಗೆ ಫಾಲ್ಟ್ ಎಂದು ಪರದೆ ತೋರಿಸುತ್ತದೆ. ಆ ಜಾಗಕ್ಕೆ ಹೋದರೆ ಅಲ್ಲಿ ಜೆಸಿಬಿ ನಿಂತಿರುತ್ತಿತ್ತು, ಡ್ರೈವರ್ ಇರುತ್ತಿರಲಿಲ್ಲ.

ನಿಮಗೆ ಪತ್ರ ಬರೆಯುವ ಸಲಿಗೆ ನನಗೆ ಬಂದದ್ದು ಆ ಪೆಟ್ಟಿಗೆಯಿಂದಲೇ. ಬಾಹ್ಯಾಕಾಶದಲ್ಲಿ ಲೇಸರ್ ಮಾಡುತ್ತಿರುವ ಕೆಲಸವನ್ನು ಪೇಪರಿನಲ್ಲಿ ಓದಿದಾಗಲೆಲ್ಲ ಇದು ನಮ್ಮ ಕಸುಬೇ, ಎಳೆಯನ್ನು ಮಾತ್ರ ತೆಗೆದು ಹಾಕಿದ್ದಾರೆ ಅನ್ನಿಸುತ್ತದೆ.

ನಾಸಾದ ಸೈಕಿ ನೌಕೆ 2023ರ ಅಕ್ಟೋಬರ್ 13ರಂದು ಅದೇ ಹೆಸರಿನ ಕ್ಷುದ್ರಗ್ರಹದ ಕಡೆ ಹೊರಟಿತು. ಲೇಸರಿನಲ್ಲಿ ಮಾತಾಡುವ ಒಂದು ಉಪಕರಣವನ್ನು ಪ್ರಯೋಗಕ್ಕೆಂದು ಅದಕ್ಕೆ ಕಟ್ಟಿದ್ದರು. ದೂರದರ್ಶಕದ ಅಗಲ 22 ಸೆಂಟಿಮೀಟರ್, ಅಂದರೆ ನಮ್ಮ ಊಟದ ತಟ್ಟೆಗಿಂತ ಚಿಕ್ಕದು. ಲೇಸರಿನ ಶಕ್ತಿ ಸುಮಾರು 4 ವ್ಯಾಟ್, ಮನೆಯ ಎಲ್‌ಇಡಿ ಬಲ್ಬಿಗಿಂತ ಕಡಿಮೆ. ಡಿಸೆಂಬರ್ 11ರಂದು 3.1 ಕೋಟಿ ಕಿಲೋಮೀಟರ್ ದೂರದಿಂದ ಅದು ಕ್ಯಾಲಿಫೋರ್ನಿಯಾದ ಪಾಲೋಮಾರ್ ಬೆಟ್ಟದ ಮೇಲಿನ ಹೇಲ್ ದೂರದರ್ಶಕಕ್ಕೆ 15 ಸೆಕೆಂಡಿನ ಒಂದು ವಿಡಿಯೊ ಕಳಿಸಿತು. ಟೇಟರ್ಸ್ ಎಂಬ ಕಿತ್ತಳೆ ಬಣ್ಣದ ಬೆಕ್ಕು ಸೋಫಾ ಮೇಲೆ ಲೇಸರ್ ಚುಕ್ಕಿಯನ್ನು ಅಟ್ಟಿಸಿಕೊಂಡು ಹೋಗುವ ವಿಡಿಯೊ. ವೇಗ ಸೆಕೆಂಡಿಗೆ 267 ಮೆಗಾಬಿಟ್. ಬೆಳಕು ಬಂದು ಮುಟ್ಟಲು 101 ಸೆಕೆಂಡ್ ಹಿಡಿಯಿತು.

ಬೆಕ್ಕು ನೋಡಿ ಊರೆಲ್ಲ ನಕ್ಕಿತು. ನನಗೆ ಮೈ ಜುಮ್ಮೆಂದದ್ದು ಆ ಬೆಳಕಿನ ಅಲೆಯುದ್ದ ಓದಿದಾಗ. 1,550 ನ್ಯಾನೊಮೀಟರ್. ದೂರದ ಊರುಗಳಿಗೆ ಹೋಗುವ ನಮ್ಮ ಕೇಬಲ್ಲಿನಲ್ಲಿ ಹರಿಯುವುದು ಅದೇ ಬೆಳಕು. ಕಣ್ಣಿಗೆ ಕಾಣದ ಆ ಬೆಳಕನ್ನು ಇಷ್ಟು ವರ್ಷ ಕೈಯಲ್ಲಿ ಹಿಡಿದು ಬೆಸೆದವನಿಗೆ, ಅದು ಕೇಬಲ್ ಬಿಟ್ಟು ಮಂಗಳನ ದಾರಿ ಹಿಡಿದಿದೆ ಎಂದರೆ ಹೇಗಾಗಬೇಡ! ಇನ್ನೊಂದು ಸಂಗತಿ ನಮ್ಮ ಹಳೇ ಸ್ಟಾಫಿನವರು ಸೇರಿದಾಗ ಇನ್ನೂ ಚರ್ಚೆಯಾಗುತ್ತದೆ. ಪಾಲೋಮಾರ್‌ನಲ್ಲಿ ಇಳಿದ ವಿಡಿಯೊವನ್ನು ನಾಸಾದ ಪ್ರಯೋಗಾಲಯಕ್ಕೆ ಇಂಟರ್‌ನೆಟ್ಟಿನಲ್ಲಿ ಕಳಿಸಿದರಂತೆ. ಆ ಇಂಟರ್‌ನೆಟ್ ಬಾಹ್ಯಾಕಾಶದ ಲೈನಿಗಿಂತ ನಿಧಾನವಿತ್ತು. ಕೋಟಿಗಟ್ಟಲೆ ಕಿಲೋಮೀಟರ್ ಓಡಿ ಬಂದದ್ದು ಕೊನೆಯ ನೂರಿನ್ನೂರು ಕಿಲೋಮೀಟರಿನಲ್ಲಿ ಏದುಸಿರು ಬಿಟ್ಟಿತು. ನಮ್ಮ ಇಲಾಖೆಯ ಯಾರನ್ನೇ ಕೇಳಿ, ‘ಅಲ್ಲೇ ಇರೋದು ನೋಡಿ ತೊಂದರೆ’ ಅನ್ನುತ್ತಾರೆ.

ಲೇಸರ್ ಯಾಕೆ ಇಷ್ಟು ಹೊರುತ್ತದೆ ಎಂದು ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ತಪ್ಪಿದ್ದರೆ ನಿಮ್ಮ ಹುಡುಗರು ತಿದ್ದಲಿ. ಎರಡು ಮೀಟರಿನ ತಟ್ಟೆ ಆಂಟೆನಾದಿಂದ ಹೊರಟ, ನೌಕೆಗಳು ಮಾಮೂಲಾಗಿ ಬಳಸುವ ಎಕ್ಸ್-ಬ್ಯಾಂಡ್ ರೇಡಿಯೊ ಅಲೆ ಆ 3.1 ಕೋಟಿ ಕಿಲೋಮೀಟರ್ ದಾಟುವಷ್ಟರಲ್ಲಿ ಐದು ಲಕ್ಷ ಕಿಲೋಮೀಟರಿಗೂ ಹೆಚ್ಚು ಅಗಲ ಹರಡುತ್ತದೆ. ಭೂಮಿಯನ್ನು ಸಾಲಾಗಿ ನಲವತ್ತು ಸಲ ಇಟ್ಟರೂ ತುಂಬದ ಅಗಲ. ಅದರಲ್ಲಿ ನಾವು ಹಿಡಿಯುವುದು ಒಂದು ತಟ್ಟೆಯಷ್ಟನ್ನು, ಮಿಕ್ಕದ್ದೆಲ್ಲ ಕತ್ತಲಿಗೆ. 22 ಸೆಂಟಿಮೀಟರ್ ಕಿಂಡಿಯಿಂದ ಹೊರಟ ಲೇಸರ್ ಅಷ್ಟೇ ದೂರಕ್ಕೆ ಸುಮಾರು 200 ಕಿಲೋಮೀಟರ್ ಅಗಲವಾಗುತ್ತದೆ, ಬೆಂಗಳೂರಿಂದ ಚಿತ್ರದುರ್ಗದಷ್ಟು. ಹೊಲಕ್ಕೆಲ್ಲ ನೀರು ಹಾಯಿಸುವುದಕ್ಕೂ ಗಿಡದ ಬುಡಕ್ಕೆ ಹನಿ ನೀರು ಬಿಡುವುದಕ್ಕೂ ಇರುವ ವ್ಯತ್ಯಾಸ ಇದು. ಆದರೆ ಹನಿ ಪೈಪು ಬುಡಕ್ಕೇ ಬೀಳಬೇಕು. ಭೂಮಿಯೂ ಓಡುತ್ತಿದೆ, ನೌಕೆಯೂ ಓಡುತ್ತಿದೆ. ಬೆಳಕು ತಲುಪುವ ಹೊತ್ತಿಗೆ ಭೂಮಿ ಎಲ್ಲಿರುತ್ತದೋ ಅಲ್ಲಿಗೆ ಮುಂದಾಗಿಯೇ ಗುರಿ ಇಡಬೇಕು. ಅದಕ್ಕೆ ನೌಕೆಗೆ ದಾರಿ ತೋರಿಸಲು ಇಲ್ಲಿಂದಲೇ ಒಂದು ಲೇಸರನ್ನು ದೀಪಸ್ತಂಭದ ಹಾಗೆ ಮೇಲಕ್ಕೆ ಬಿಡುತ್ತಾರೆ.

ಮೇಲಿನ ಕೆಲಸದ ಬಗ್ಗೆ ನಿಮಗೆ ಪಾಠ ಹೇಳುವಷ್ಟು ಮೂರ್ಖ ನಾನಲ್ಲ. ಲೇಸರಿನಿಂದ ನೋಡುವ ವಿದ್ಯೆ ನಿಮ್ಮಲ್ಲಿ ಎಂದೋ ಬಂದಿದೆ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರ ಮೇಲೆ ಎಲ್‌ಎಲ್‌ಆರ್‌ಐ ಎಂಬ ಉಪಕರಣವಿತ್ತು, ಬೆಂಗಳೂರಿನಲ್ಲೇ ನಿಮ್ಮ ಲಿಯೋಸ್ ಪ್ರಯೋಗಾಲಯ ಮಾಡಿದ್ದು. 100 ಕಿಲೋಮೀಟರ್ ಎತ್ತರದಿಂದ ಸೆಕೆಂಡಿಗೆ 10 ಸಲ ಚಂದ್ರನ ನೆಲಕ್ಕೆ ಮಿಡಿತ ಬಿಟ್ಟು, ಬೆಳಕು ವಾಪಸ್ ಬರುವ ಹೊತ್ತನ್ನು ಅಳೆದು ಗುಂಡಿ ಯಾವುದು ದಿಣ್ಣೆ ಯಾವುದು ಎಂದು ಗುರುತಿಸಿತು. ನನ್ನ ಓಟಿಡಿಆರ್ ಪೆಟ್ಟಿಗೆಯ ಅಣ್ಣ. ಸೂರ್ಯನ ಬೆಳಕು ಕಾಣದ ಧ್ರುವದ ಕುಳಿಗಳಲ್ಲಿ ಕ್ಯಾಮೆರಾ ಕುರುಡಾಗುತ್ತದೆ. ಲೇಸರ್ ತನ್ನ ದೀಪವನ್ನು ತಾನೇ ಹೊತ್ತು ಹೋಗುತ್ತದೆ, ಹಾಗಾಗಿ ಅದಕ್ಕೆ ಹಗಲು ರಾತ್ರಿಯ ಹಂಗಿಲ್ಲ. ನಾಸಾದ ಐಸ್‌ಸ್ಯಾಟ್-2 ಸೆಕೆಂಡಿಗೆ 10,000 ಮಿಡಿತ ಬಿಟ್ಟು ಧ್ರುವದ ಹಿಮ ಎಷ್ಟು ತಗ್ಗಿದೆ ಎಂದು ಅಳೆಯುವುದೂ ಇದೇ ಲೆಕ್ಕದಲ್ಲಿ.

ನಮ್ಮ ತಾಲ್ಲೂಕಿಗೂ ಇದರಲ್ಲಿ ಪಾಲಿದೆ. ಉಳ್ಳಾರ್ತಿ ಕಾವಲಿನಲ್ಲಿ ನೀವು ಚಂದ್ರನ ಮೇಲಿನಂಥ ಗುಂಡಿಗಳನ್ನು ತೋಡಿಸಿ, ಲ್ಯಾಂಡರಿನ ಸಂವೇದಕಗಳನ್ನು ವಿಮಾನಕ್ಕೆ ಕಟ್ಟಿ ಅದರ ಮೇಲೆ ಹಾರಿಸಿದಿರಿ. ಯಾವ ಕೆರೆ ಹೂಳೆತ್ತುವ ಸ್ಕೀಮಪ್ಪ ಇದು ಎಂದು ನಮ್ಮವರು ಮಾತಾಡಿಕೊಂಡಿದ್ದರು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಇಳಿಯುವಾಗ ಬಿದ್ದುಹೋಯಿತು, ಆದದ್ದು ಆಯಿತು. ಮುಂದಿನ ಚಂದ್ರಯಾನ-3ರ ಲ್ಯಾಂಡರಿಗೆ, ಬೀಳುವ ವೇಗವನ್ನು ಮೂರು ದಿಕ್ಕಿನಲ್ಲೂ ಅಳೆಯುವ ಲೇಸರ್ ಡಾಪ್ಲರ್ ವೆಲಾಸಿಮೀಟರ್ ಹೊಸದಾಗಿ ಬಂತು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ನೆಲ ಮುಟ್ಟಿದಾಗ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದವರಿಗೆಲ್ಲ ಆ ಗುಂಡಿಗಳ ನೆನಪಿತ್ತೋ ಇಲ್ಲವೋ, ನನಗಿತ್ತು. ಆಮೇಲೆ ಪ್ರಜ್ಞಾನ್ ರೋವರಿನ ಲಿಬ್ಸ್ ಉಪಕರಣ ಲೇಸರಿನಿಂದ ಚಂದ್ರನ ಮಣ್ಣನ್ನು ಸುಟ್ಟು, ಎದ್ದ ಕಿಡಿಯ ಬಣ್ಣ ನೋಡಿ ಗಂಧಕವಿದೆ ಎಂದಿತು. ಅದೂ ಲಿಯೋಸ್‌ನದೇ ಕೆಲಸ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆ. ವಿಕ್ರಮ್ ಮೇಲೆ ನಾಸಾ ಕೊಟ್ಟ ಒಂದು ಪುಟ್ಟ ಗುಮ್ಮಟವಿದೆ. 5 ಸೆಂಟಿಮೀಟರ್ ಅಗಲ, ಅದರಲ್ಲಿ ಎಂಟು ಗಾಜಿನ ಪಟ್ಟಕಗಳು. ಬ್ಯಾಟರಿ ಇಲ್ಲ, ವೈರ್ ಇಲ್ಲ. ಸೈಕಲ್ಲಿನ ಹಿಂದಿನ ಕೆಂಪು ರಿಫ್ಲೆಕ್ಟರಿನ ಹಾಗೆ ಬೆಳಕು ಬಂದ ದಿಕ್ಕಿಗೇ ವಾಪಸ್ ಕಳಿಸುವುದಷ್ಟೇ ಅದರ ಕೆಲಸ. ವಿಕ್ರಮ್ ಚಂದ್ರನ ರಾತ್ರಿಗೆ ಸಿಕ್ಕಿ ಮಲಗಿ ಎಷ್ಟೋ ದಿನವಾದ ಮೇಲೆ, 2023ರ ಡಿಸೆಂಬರ್ 12ರಂದು, 100 ಕಿಲೋಮೀಟರ್ ಮೇಲಿನಿಂದ, ಚಂದ್ರನನ್ನು ಸುತ್ತುವ ನಾಸಾದ ಎಲ್‌ಆರ್‌ಒ ನೌಕೆ ಲೇಸರ್ ಬಿಟ್ಟಿತು. ಬೆಳಕು ವಾಪಸ್ ಬಂತು. ಎಕ್ಸ್‌ಚೇಂಜ್ ಮುಚ್ಚಿದ ಊರಿಗೆ ರಿಂಗ್ ಮಾಡಿದರೆ ಯಾರೋ ಹಲೋ ಅಂದ ಹಾಗೆ.

ಸರಿ, ವಿಷಯಕ್ಕೆ ಬರುತ್ತೇನೆ.

ನೋಡುವ ಕಣ್ಣು ಹೆಚ್ಚಿದಷ್ಟೂ ಕೆಳಗೆ ಕಳಿಸಬೇಕಾದ ಮಾಹಿತಿಯ ಮೂಟೆ ಹೆಚ್ಚುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೊರಟ ನಿಸಾರ್ ಉಪಗ್ರಹ 12 ದಿನಕ್ಕೊಂದು ಸುತ್ತಿನಂತೆ ಭೂಮಿಯ ನೆಲ, ಹಿಮವನ್ನೆಲ್ಲ ರೇಡಾರಿನಿಂದ ಗುಡಿಸುತ್ತದೆ. ಅದು ನಮ್ಮ ತಲೆಯ ಮೇಲೇ ಸುತ್ತುವುದರಿಂದ ರೇಡಿಯೊದಲ್ಲಿ ಹೇಗೋ ನಿಭಾಯಿಸಬಹುದು. ಶುಕ್ರನ ಮಾತು ಹಾಗಲ್ಲ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 1,236 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟ ಶುಕ್ರಯಾನದಲ್ಲಿ ಮೋಡದ ಮುಸುಕನ್ನು ದಾಟಿ ನೋಡುವ ರೇಡಾರ್ ಇರುತ್ತದೆ. ಹೊರಡುವ ಗುರಿ 2028ರ ಮಾರ್ಚ್. ಶುಕ್ರ ನಮ್ಮಿಂದ 26 ಕೋಟಿ ಕಿಲೋಮೀಟರಿನವರೆಗೂ ದೂರ ಸರಿಯುತ್ತದೆ. ಅಷ್ಟು ದೂರದಿಂದ ರೇಡಾರ್ ಚಿತ್ರ ಕಳಿಸುವುದೆಂದರೆ ಕೆರೆಯ ನೀರನ್ನು ಹುಲ್ಲುಕಡ್ಡಿಯಲ್ಲಿ ಹೀರಿದ ಹಾಗೆ. ಸೈಕಿ 2024ರ ಏಪ್ರಿಲಿನಲ್ಲಿ 22.6 ಕೋಟಿ ಕಿಲೋಮೀಟರಿನಿಂದ ಲೇಸರಿನಲ್ಲಿ ಸೆಕೆಂಡಿಗೆ 25 ಮೆಗಾಬಿಟ್ ಕಳಿಸಿತು. ಅಷ್ಟು ದೂರಕ್ಕೆ ಅವರು ಇಟ್ಟುಕೊಂಡಿದ್ದ ಗುರಿ ಬರೀ 1 ಮೆಗಾಬಿಟ್. ಶುಕ್ರ ತೀರಾ ದೂರ ಹೋದಾಗ ಸೂರ್ಯನ ಮಗ್ಗುಲಿಗೇ ಇರುತ್ತದೆ, ಆ ದಿಕ್ಕಿಗೆ ಕನ್ನಡಿ ತಿರುಗಿಸಲಾಗದು ಎಂಬುದು ನನಗೂ ಗೊತ್ತು. ಉಳಿದ ತಿಂಗಳುಗಳಿವೆಯಲ್ಲ.

ಈ ಶುಕ್ರಯಾನಕ್ಕೇ ಲೇಸರ್ ಹಾಕಿ ಎಂದು ನಾನು ಹಟ ಹಿಡಿಯುತ್ತಿಲ್ಲ. ನನ್ನ ಮಾತು ಆ ಬೆಳಕನ್ನು ಹಿಡಿಯುವ ನೆಲದ ಕೇಂದ್ರದ ಬಗ್ಗೆ. ಕೇಬಲ್ ಎಳೆದವನಿಗೆ ಗೊತ್ತಿರುವ ಒಂದು ಸತ್ಯವಿದೆ. ಎಳೆ ಅಗ್ಗ, ತುದಿ ದುಬಾರಿ. ಜಾಗ ಹುಡುಕಬೇಕು, ಪರ್ಮಿಷನ್ ತರಬೇಕು, ಕರೆಂಟ್ ಎಳೆಸಬೇಕು, ಕಾಯಲು ಜನ ಇಡಬೇಕು. ಉಪಕರಣ ಎರಡು ವರ್ಷದಲ್ಲಿ ಸಿದ್ಧವಾದರೆ ತುದಿ ಸಿದ್ಧವಾಗಲು ಆರು ವರ್ಷ.

ಬೆಂಗಳೂರಿನ ಹೊರಗೆ ಬ್ಯಾಲಾಳಿನಲ್ಲಿರುವ ನಿಮ್ಮ 32 ಮೀಟರಿನ ರೇಡಿಯೊ ತಟ್ಟೆಗೆ ಮೋಡದ ಚಿಂತೆಯಿಲ್ಲ. ಆಷಾಢದ ಜಡಿಮಳೆಯಲ್ಲೂ ಅದಕ್ಕೆ ಚಂದ್ರನ ಮಾತು ಕೇಳುತ್ತದೆ. ಬೆಳಕಿಗೆ ಆ ಭಾಗ್ಯವಿಲ್ಲ. ಅಡ್ಡ ಒಂದು ದಪ್ಪ ಮೋಡ ಬಂದರೆ ಲೈನ್ ಕಟ್. ಜೆಸಿಬಿಯಾದರೂ ಯಾವಾಗಲೋ ಒಮ್ಮೆ ಅಗೆಯುತ್ತದೆ. ಅದಕ್ಕೇ ನಾಸಾ 2021ರ ಡಿಸೆಂಬರಿನಲ್ಲಿ ಹಾರಿಸಿದ ಲೇಸರ್ ರಿಲೇ ಪ್ರಯೋಗಕ್ಕೆ ಕ್ಯಾಲಿಫೋರ್ನಿಯಾದಲ್ಲೊಂದು, ಹವಾಯಿಯ ಹಲಿಯಕಲಾ ಬೆಟ್ಟದಲ್ಲೊಂದು ಎಂದು ಎರಡು ನೆಲೆ ಇಟ್ಟುಕೊಂಡಿತು. ಇಲ್ಲಿ ಮುಸುಕಿದರೆ ಅಲ್ಲಿ ತೆರೆದಿರಲಿ ಅಂತ.

ನಮ್ಮ ದೇಶದ ಪಂಚಾಂಗ ಇದಕ್ಕೆ ಸಲೀಸಾಗಿಲ್ಲ. ಜೂನಿಂದ ಸೆಪ್ಟೆಂಬರಿನವರೆಗೆ ದೇಶದ ಬಹುಪಾಲು ಮುಂಗಾರಿನ ಮೋಡದಡಿ. ಆ ತಿಂಗಳುಗಳಲ್ಲಿ ಮಳೆನೆರಳಿನಲ್ಲಿರುವ ಲಡಾಖಿನ ಕಡೆ ನೋಡಬೇಕು. ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ ಇದ್ದೇ ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಲೈನಿನ ಮೂಲಕ. ಆದರೆ ಹಾನ್ಲೆಗೂ ಚಳಿಗಾಲದ ಮೋಡ, ಹಿಮ ತಪ್ಪಿದ್ದಲ್ಲ. ಅಕ್ಟೋಬರಿಂದ ಡಿಸೆಂಬರಿನವರೆಗೆ ಹಿಂಗಾರು ತಮಿಳುನಾಡಿನ ಕಾವಲೂರು ವೀಕ್ಷಣಾಲಯವನ್ನು ಮುಚ್ಚುತ್ತದೆ. ಆಗ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಆಕಾಶ ತಿಳಿಯಾಗಿರುತ್ತದೆ. ಒಂದೇ ಊರನ್ನು ನಂಬಿ ಕೂರುವಂತಿಲ್ಲ, ನಾಲ್ಕು ಊರುಗಳನ್ನು ಸರದಿಗೆ ಹಚ್ಚಬೇಕು.

ಚಳ್ಳಕೆರೆಯವನು ಚಳ್ಳಕೆರೆಗೇ ಕೇಳುತ್ತಿದ್ದಾನೆ ಎಂದು ನೀವು ನಗಬಹುದು. ಕೇಳುವ ಆಸೆಯೇನೋ ಇದೆ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೊಂದು. ನಿಮ್ಮ ಜಾಗ ಇಲ್ಲೇ ಇದೆ. ಪಕ್ಕದಲ್ಲೇ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಇರುವುದರಿಂದ, ಮೇಲಕ್ಕೆ ಲೇಸರ್ ಬಿಡುವಾಗ ವಿಮಾನಗಳನ್ನು ದೂರ ಇಡುವ ತಲೆನೋವೂ ಕಡಿಮೆಯಾದೀತು. ಆದರೆ ಇಲ್ಲಿನ ಶೇಂಗಾ ಬೆಳೆಗಾರರನ್ನು ಕೇಳಿದರೆ ನಿಜ ಹೇಳುತ್ತಾರೆ. ಮಳೆ ಇಲ್ಲ ಅಂದರೆ ಮೋಡ ಇಲ್ಲ ಅಂತಲ್ಲ. ಜುಲೈ ತಿಂಗಳಿಡೀ ಮೋಡ ಗಾಳಿಗೆ ಸಿಕ್ಕಿ ತಲೆ ಮೇಲೆ ಓಡುತ್ತಿರುತ್ತದೆ, ಒಂದು ಹನಿ ಉದುರುವುದಿಲ್ಲ. ರೈತನಿಗೂ ನಷ್ಟ, ಲೇಸರಿಗೂ ನಷ್ಟ. ಮೇಲೆ ಬಿರುಗಾಳಿಯ ದೂಳು ಬೇರೆ. ಹಾಗಾಗಿ ನಮ್ಮೂರಿಗೇ ಕೊಡಿ ಎಂದು ಹೇಳಲು ಬಾಯಿ ಬರುವುದಿಲ್ಲ. ಎಣಿಸಿ ನೋಡಿ ಎಂದು ಹೇಳಬಲ್ಲೆ.

ನನ್ನ ಕೋರಿಕೆ ಅಷ್ಟೇ. ಹಾನ್ಲೆ, ಮೌಂಟ್ ಅಬು, ನೈನಿತಾಲ್ ಹತ್ತಿರದ ದೇವಸ್ಥಲ, ಕಾವಲೂರು, ಚಳ್ಳಕೆರೆ, ಇನ್ನು ನಿಮಗೆ ತೋಚಿದ ಕಡೆ, ಇಡೀ ಆಕಾಶವನ್ನು ಹಗಲು ರಾತ್ರಿ ನೋಡುವ ಒಂದೊಂದು ಕ್ಯಾಮೆರಾ ಇಡಿ. ರಾತ್ರಿ ಕಾಣಲು ಇನ್‌ಫ್ರಾರೆಡ್ ಇರಲಿ. ಈಗಾಗಲೇ ಕೆಲವು ಕಡೆ ಇಟ್ಟಿದ್ದೀರಿ ಎಂದಾದರೆ ಸಂತೋಷ, ಉಳಿದ ಕಡೆಗೂ ಇಡಿ. ಇನ್ಸಾಟ್ ಉಪಗ್ರಹದ ಚಿತ್ರ ಇದೆಯಲ್ಲ ಅನ್ನಬೇಡಿ. ಅದರ ಇನ್‌ಫ್ರಾರೆಡ್ ಕಣ್ಣಿಗೆ ಒಂದು ಚುಕ್ಕಿ ಎಂದರೆ 4 ಕಿಲೋಮೀಟರ್, ಅದೂ ಒಂದು ಉಪಗ್ರಹಕ್ಕೆ ಅರ್ಧ ಗಂಟೆಗೊಮ್ಮೆ. ನಡುವೆ ಹಾದುಹೋಗುವ ಅರಳೆಯಂಥ ತೆಳು ಮೋಡ ಅದಕ್ಕೆ ತಪ್ಪಿಸಿಕೊಳ್ಳುತ್ತದೆ, ಲೇಸರಿಗೆ ತಪ್ಪಿಸಿಕೊಳ್ಳುವುದಿಲ್ಲ. ಮೂರು ನಾಲ್ಕು ವರ್ಷ ಎಣಿಸಿ. ಎಣಿಸಿದ್ದನ್ನು ಬೀರುವಿನಲ್ಲಿಡದೆ ಎಲ್ಲರಿಗೂ ತೆರೆದಿಡಿ, ಕಾಲೇಜಿನ ಮಕ್ಕಳು ಲೆಕ್ಕ ಮಾಡಲಿ. ಇದಕ್ಕೆ ರಾಕೆಟ್ ಬೇಡ, ಸಂಪುಟದ ಒಪ್ಪಿಗೆಯೂ ಬೇಡ. ಆದರೆ ಕಳೆದುಹೋದ ಮುಂಗಾರನ್ನು ಆಮೇಲೆ ಎಷ್ಟು ದುಡ್ಡು ಸುರಿದರೂ ಎಣಿಸಲಾಗುವುದಿಲ್ಲ.

ಜೊತೆಗೆ, ಈಗಿರುವ ದೂರದರ್ಶಕಗಳ ಕನ್ನಡಿಗಳಲ್ಲೇ ಲೇಸರ್ ಹಿಡಿದು ನೋಡಿ. 2025ರ ಜುಲೈನಲ್ಲಿ ಯುರೋಪಿನವರು ಗ್ರೀಸಿನಿಂದ ಅದೇ ಸೈಕಿ ನೌಕೆಯ ಜೊತೆ ಮಾತಾಡಿದರು, 26.5 ಕೋಟಿ ಕಿಲೋಮೀಟರ್ ದೂರಕ್ಕೆ. ಕ್ರಿಯೋನೆರಿಯಿಂದ ಲೇಸರ್ ಬಿಟ್ಟರು, ಹೆಲ್ಮೋಸ್ ಬೆಟ್ಟದ ಮೇಲಿನ ಹಳೆಯ ದೂರದರ್ಶಕದಲ್ಲಿ ಹಿಡಿದರು. ಹೊಸದಾಗಿ ದೊಡ್ಡ ಕನ್ನಡಿ ಕಟ್ಟಲಿಲ್ಲ. ಆ ದೂರದರ್ಶಕದ ಅಗಲ 2.3 ಮೀಟರ್, ಹೆಚ್ಚುಕಡಿಮೆ ಕಾವಲೂರಿನ ವೇಣು ಬಾಪು ದೂರದರ್ಶಕದಷ್ಟೇ. ದೇವಸ್ಥಲದ್ದು ಅದಕ್ಕಿಂತ ದೊಡ್ಡದು, 3.6 ಮೀಟರ್. ಬೆಳಕನ್ನು ಗುಡ್ಡೆ ಹಾಕುವ ದೊಡ್ಡ ಕನ್ನಡಿ ಬೇಕೆಂದರೆ ಆ ಕೈಚಳಕವೂ ನಮ್ಮಲ್ಲಿದೆ. ಹಾನ್ಲೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಬಾರ್ಕ್‌ನವರು ಚೂರು ಚೂರು ಕನ್ನಡಿ ಜೋಡಿಸಿ 21 ಮೀಟರ್ ಅಗಲದ ಮೇಸ್ ದೂರದರ್ಶಕ ನಿಲ್ಲಿಸಿದ್ದಾರೆ. ಅದು ಗಾಮಾ ಕಿರಣದ ಕೆಲಸಕ್ಕೆ, ಲೇಸರಿಗಲ್ಲ, ಸರಿ. ಆದರೆ ಅಷ್ಟು ಎತ್ತರದ ಆ ಚಳಿಯಲ್ಲಿ ಅಷ್ಟು ದೊಡ್ಡದನ್ನು ಕಟ್ಟಿದ ಮೇಸ್ತ್ರಿಗಳು ಈ ದೇಶದಲ್ಲಿದ್ದಾರೆ. ಅಹಮದಾಬಾದಿನಲ್ಲಿ ನಿಮ್ಮವರೇ 2021ರಲ್ಲಿ ಎರಡು ಕಟ್ಟಡಗಳ ನಡುವೆ 300 ಮೀಟರ್ ಬಯಲಿನಲ್ಲಿ ಬೆಳಕಿನ ಕಣಗಳ ಮೂಲಕ, ಸಂದೇಶಕ್ಕೆ ಬೀಗ ಹಾಕುವ ಗುಪ್ತಕೀಲಿ ಕಳಿಸಿ ತೋರಿಸಿದರು. 300 ಮೀಟರ್ ಅಂದರೆ ನಮ್ಮೂರ ಬಸ್ ಸ್ಟ್ಯಾಂಡಿನ ಆಚೆ ಈಚೆ. ಅದರ ಮುಂದಿನ ಹೆಜ್ಜೆ ಆಕಾಶಕ್ಕೇ, ಆಗಲೂ ನೆಲದ ಈ ತುದಿ ಬೇಕೇ ಬೇಕು.

ರೇಡಿಯೊ ಸಾಕಲ್ಲವೇ ಎನ್ನುವವರಿಗೆ ಒಂದೇ ಮಾತು. ರೇಡಿಯೊ ತೆಗೆಯಿರಿ ಎಂದು ಯಾರೂ ಹೇಳುತ್ತಿಲ್ಲ. ಗಾಜಿನ ಎಳೆ ಬಂದಾಗಲೂ ನಾವು ತಾಮ್ರವನ್ನು ಒಂದೇ ದಿನದಲ್ಲಿ ಕಿತ್ತು ಹಾಕಲಿಲ್ಲ. ಜೀವ ಉಳಿಸುವ ಆದೇಶ ರೇಡಿಯೊದಲ್ಲಿ ಹೋಗಲಿ, ಚಿತ್ರದ ಮೂಟೆ ಬೆಳಕಿನಲ್ಲಿ ಬರಲಿ. ಖಗೋಳದವರ ಅಳುಕಿಗೆ ಮಾತ್ರ ಕಿವಿಗೊಡಿ. ಹಾನ್ಲೆಯನ್ನು ಕತ್ತಲ ಆಕಾಶದ ಮೀಸಲು ಪ್ರದೇಶ ಎಂದು ಕಾಪಾಡುತ್ತಿದ್ದಾರೆ. ಮೇಲಕ್ಕೆ ಬಿಡುವ ಲೇಸರ್ ಕಣ್ಣಿಗೆ ಕಾಣದಿದ್ದರೂ ಪಕ್ಕದ ಇನ್‌ಫ್ರಾರೆಡ್ ಕನ್ನಡಿಗೆ ಕಂಡೀತು. ಅವರನ್ನು ಕೂರಿಸಿಕೊಂಡೇ ಜಾಗ ಗೊತ್ತುಮಾಡಿ. ಇಲ್ಲಿನ ಅಮೃತ್ ಮಹಲ್ ಕಾವಲು ಎಂಬ ಹುಲ್ಲುಗಾವಲಿನ ಜಾಗದ ತಕರಾರು ಹಸಿರು ನ್ಯಾಯಾಧಿಕರಣದವರೆಗೂ ಹೋದದ್ದು ನಿಮಗೆ ಗೊತ್ತು. ಕುರಿ ಕಾಯುವವರನ್ನು ಕೇಳಿಯೇ ಕ್ಯಾಮೆರಾ ಇಡಿ, ಅದಕ್ಕೆ ಬೇಕಾದದ್ದು ಒಂದು ಚಾವಣಿಯಷ್ಟು ಜಾಗ. ಈ ವಿಷಯ ಇಲ್ಲಿಗೆ ಸಾಕು, ಅದಕ್ಕೆ ಬೇರೆಯದೇ ಪತ್ರ ಬೇಕು.

ನಮ್ಮ ಮನೆಯ ತಾರಸಿ ಖಾಲಿ ಇದೆ. ಹೋದ ಮುಂಗಾರಿನಿಂದ ನಾನು ದಿನಾ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ರಾತ್ರಿ ಹತ್ತಕ್ಕೆ ಮೇಲೆ ಹತ್ತಿ, ಹವಾಮಾನ ಇಲಾಖೆಯವರು ಮಾಡುವಂತೆ ಆಕಾಶವನ್ನು ಎಂಟು ಪಾಲು ಮಾಡಿ, ಎಷ್ಟು ಪಾಲು ಮೋಡ ಎಂದು 200 ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಮೊಮ್ಮಗಳ ಪರೀಕ್ಷೆ ಸಮಯದಲ್ಲಿ ಕೆಲವು ದಿನ ತಪ್ಪಿವೆ, ಆ ದಿನಗಳಿಗೆ ಗೆರೆ ಎಳೆದಿದ್ದೇನೆ, ಊಹಿಸಿ ತುಂಬಿಲ್ಲ. ಅದರ ಜೆರಾಕ್ಸ್ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಅಂತರಿಕ್ಷ ಭವನಕ್ಕೆ ಕಳಿಸಿದ್ದೇನೆ. ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ದೂಳು’ ಎಂದಿರುವ ಕಡೆ ಮೋಡದ ಲೆಕ್ಕವನ್ನು ನಂಬಬೇಡಿ.

ಇಂತಿ ತಮ್ಮ ವಿಶ್ವಾಸಿ,
ದೂರಸಂಪರ್ಕ ಇಲಾಖೆಯ ನಿವೃತ್ತ ಕೇಬಲ್ ನೌಕರ,
ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ